ಕಾಗದದ ಎರಡನೆಯ ಸಾಲು

"ಒಂದೇ ಒಂದು ಹೆಬ್ಬೆಟ್ಟು ಅತ್ತಿಗೆ, ಒತ್ತಿಬಿಡಿ. ಮಗು ಮನೆಗೆ ಬರ್ಲಿ," ಎಂದು ಅಯ್ಯಾದ್ ಮೂರನೇ ಸಲ ಹೇಳಿದ. ತಫೀದಾ ಕತ್ತೆತ್ತಲಿಲ್ಲ. ತೊಡೆಯ ಮೇಲಿನ ತಟ್ಟೆಯಲ್ಲಿ ಬೇಳೆ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು.

"ಇಪ್ಪತ್ತಾರು ವರ್ಷದ ಮಗು! ಮೀಸೆ ಬಂದು ಯಾವ ಕಾಲ ಆಯ್ತು. ಮೊದಲು ಆ ಕಾಗದದಲ್ಲಿ ಏನಿದೆ ಅಂತ ಓದು."

"ಓದೋದೇನು, ರಾಜಿ ಪತ್ರ. ಎಲ್ಲ ಕಡೆ ಇರೋದೇ ಇದರಲ್ಲೂ ಇದೆ."

"ಎಲ್ಲ ಕಡೆ ಇರೋದನ್ನೇ ಓದಪ್ಪ. ನನ್ನ ಕಿವಿ ಇನ್ನೂ ಕೆಟ್ಟಿಲ್ಲ."

ಅಯ್ಯಾದ್ ಅವಳ ತೀರಿಹೋದ ಗಂಡ ಬುಶ್ರಾನ ತಮ್ಮ. ಅವನ ಮಗ ಮೀನಾ ತಲೆಗೆ ಆರು ಹೊಲಿಗೆ ಹಾಕಿಸಿಕೊಂಡು ಹನ್ನೆರಡು ದಿನದಿಂದ ಠಾಣೆಯಲ್ಲಿದ್ದ. ಏಟು ತಿಂದವನು ಲಾಕಪ್ಪಿನಲ್ಲಿ ಯಾಕೆ ಎಂದು ಹೊರಗಿನವರು ಕೇಳಿಯಾರು. ನಮ್ಮ ಕಡೆ ನ್ಯಾಯ ನಡೆಯುವುದೇ ಹಾಗೆ. ಕಲ್ಲು ಹೊಡೆದವರಲ್ಲಿ ಐದು ಜನ ಸಿಕ್ಕರೆ, ಲೆಕ್ಕ ಸಮ ಇರಲಿ ಎಂದು ಏಟು ತಿಂದವರಲ್ಲೂ ಐದು ಜನರನ್ನು ಎತ್ತಿಕೊಂಡು ಹೋಗುತ್ತಾರೆ. ಎರಡೂ ಕಡೆಯ ತಾಯಂದಿರು ಅತ್ತು ಅತ್ತು ಸುಸ್ತಾದ ಮೇಲೆ ಊರ ಹಿರಿಯರು ರಾಜಿಗೆ ಕೂರುತ್ತಾರೆ. ಕೋರ್ಟಿನ ಬಾಗಿಲು ನೋಡದೆ ಎಲ್ಲ ಮುಗಿಯುತ್ತದೆ. ಮುಗಿಯುವುದು ಯಾರ ಪಾಲಿಗೆ ಎಂದು ಮಾತ್ರ ಕೇಳಬಾರದು.

ಅಯ್ಯಾದ್ ಕನ್ನಡಕ ಏರಿಸಿ ಓದಿದ. ಮೊದಲನೇ ಸಾಲು: ಎರಡೂ ಕಡೆಯವರು ಒಬ್ಬರನ್ನೊಬ್ಬರು ಕ್ಷಮಿಸಿದ್ದೇವೆ, ದೂರು ಹಿಂದಕ್ಕೆ ತೆಗೆದುಕೊಂಡಿದ್ದೇವೆ.

"ಒಬ್ಬರನ್ನೊಬ್ಬರು ಅಂದ್ರೆ? ಅವರು ನಮ್ಮನ್ನ ಕ್ಷಮಿಸೋ ಅಂಥದ್ದು ನಾವೇನು ಮಾಡಿದ್ವಿ?"

"ಏಟು ತಿಂದ್ವಿ," ಎಂದ ಅಯ್ಯಾದ್. ಅಂದಮೇಲೆ ಅವನಿಗೇ ನಗು ಬಂತು, ನುಂಗಿಕೊಂಡ.

ಎರಡನೇ ಸಾಲು ಉದ್ದವಿತ್ತು. ಬುಶ್ರಾನ ವಿಧವೆ ತಫೀದಾಳ ಮನೆ ವಾಸಕ್ಕೆ ಮಾತ್ರ. ಅಲ್ಲಿ ಇನ್ನು ಮುಂದೆ ಪ್ರಾರ್ಥನೆಗೆ ಜನ ಸೇರುವಂತಿಲ್ಲ, ಪಾದ್ರಿ ಬರುವಂತಿಲ್ಲ, ಹಾಡುವಂತಿಲ್ಲ. ಅವಳ ನಂತರ ಆ ಮನೆಗೆ ವಾರಸುದಾರರಾದವರಿಗೂ ಇದೇ ಮಾತು.

ತಫೀದಾಳ ಕೈ ಬೇಳೆಯಲ್ಲಿ ನಿಂತಿತು. ಕೆಳಗಿನ ಪಡಸಾಲೆಯನ್ನು ಅವಳು ಪ್ರಾರ್ಥನೆಗೆ ಬಿಟ್ಟುಕೊಟ್ಟು ಒಂಬತ್ತು ವರ್ಷವಾಗಿತ್ತು. ಊರಲ್ಲಿ ನಮ್ಮ ಕ್ರೈಸ್ತ ಜನದ ಮನೆ ಅರವತ್ತು. ಇಗರ್ಜಿ ಕಾಲುವೆಯಾಚೆ ಹದಿನಾಲ್ಕು ಕಿಲೋಮೀಟರ್ ದೂರ. ಇಲ್ಲೊಂದು ಕಟ್ಟಿಕೊಳ್ಳಲು ಹಾಕಿದ ಅರ್ಜಿಗೆ ಹನ್ನೊಂದು ವರ್ಷವಾಗಿ, ಆ ಅರ್ಜಿ ಬರೆದ ಮೇಷ್ಟ್ರೇ ಸತ್ತು ಹೋಗಿದ್ದರು. ಬುಶ್ರಾ ಕೊನೆಯ ವರ್ಷ ಮಂಚ ಬಿಟ್ಟು ಏಳಲಾಗದೆ, "ನನಗೊಂದು ಹಾಡು ಕೇಳಿಸ್ರೇ" ಎಂದು ಅಳುತ್ತಿದ್ದ. ಅವನಿಗಾಗಿ ನಾಲ್ಕು ಜನ ಸೇರಿದ್ದು ಅವನು ಹೋದ ಮೇಲೆ ನಲವತ್ತಾಯಿತು, ನೂರಾಯಿತು. ಪಾದ್ರಿ ಅಬೂನಾ ಬಖೂಮ್ ಶುಕ್ರವಾರಕ್ಕೊಮ್ಮೆ ಬರತೊಡಗಿದರು. ಒಂಬತ್ತು ವರ್ಷ ಯಾರ ಕಿವಿಗೂ ಚುಚ್ಚದ ಹಾಡು ಎರಡು ವಾರದ ಹಿಂದೆ ಇದ್ದಕ್ಕಿದ್ದಂತೆ ಚುಚ್ಚಿತು. ಮನೆಯನ್ನು ಇಗರ್ಜಿ ಮಾಡುತ್ತಿದ್ದಾರಂತೆ ಎಂದು ಯಾರೋ ಅಂದರು, ಗುಮ್ಮಟಕ್ಕೆ ಇಟ್ಟಿಗೆ ಬಂತಂತೆ ಎಂದು ಇನ್ನೊಬ್ಬರು. ಇಟ್ಟಿಗೆ ಬಂದದ್ದು ಕಕ್ಕಸಿಗೆ. ಅದರ ಬೆನ್ನಿಗೇ ಪ್ರಾರ್ಥನೆಗೆ ಕೂತವರ ಮೇಲೆ ಕಲ್ಲು ಬಿತ್ತು.

"ಈ ಕಾಗದ ಇಲ್ಲೇ ಬಿಟ್ಟು ಹೋಗು," ಎಂದಳು ತಫೀದಾ. "ನಾಳೆ ಉಮ್ದಾನ ಚಾವಡಿಗೆ ನಾನೇ ಬರ್ತೀನಿ."

"ಅಲ್ಲಿ ಗಂಡಸರು ಕೂತಿರ್ತಾರೆ ಅತ್ತಿಗೆ!"

"ಕೂತಿರ್ಲಿ. ನಾನೇನು ಅವರ ತೊಡೆ ಮೇಲೆ ಕೂರ್ತೀನಾ?"

ಅಯ್ಯಾದ್ ಹೋದ ಮೇಲೆ ಎದುರಿನ ಮುಸಲ್ಮಾನರ ಮನೆಯ ಸನಿಯಾ ಬಂದಳು. ಯಾವಾಗಲೂ ನೇರ ಅಡುಗೆಮನೆಗೆ ನುಗ್ಗುವವಳು ಈ ಸಲ ಹೊಸ್ತಿಲಾಚೆಯೇ ನಿಂತಳು. ಅವಳ ಮಗ ಖಲಾಫನೂ ಠಾಣೆಯಲ್ಲಿದ್ದ, ಕಲ್ಲು ಹೊಡೆದವರ ಪೈಕಿ.

"ಅಕ್ಕಾ, ಹುಡುಗು ಬುದ್ಧಿ. ಎಲ್ಲರೂ ಓಡಿದ್ರು, ಅವನೂ ಓಡಿದ. ನೀವು ಒತ್ತಿದ್ರೆ ಇಬ್ಬರ ಮಕ್ಕಳೂ ಬರ್ತಾರೆ."

"ನನ್ನ ಮೇಲೆ ಅವನಿಗೇನೇ ಕೋಪ, ಸನಿಯಾ? ಅವನ ಮೊದಲನೇ ಹಲ್ಲು ಬಿದ್ದಾಗ ನನ್ನ ಸೂರಿನ ಮೇಲೆ ತಾನೇ ಎಸೆದದ್ದು."

"ನಿಮ್ಮ ಮೇಲಲ್ಲ ಅಕ್ಕಾ. ದೇವರಿಗೆ ಮಗ ಇದ್ದಾನೆ ಅಂತೀರಂತಲ್ಲ ನೀವು. ಅದು ಕೇಳಿದ್ರೆ ಹುಡುಗರಿಗೆ ರಕ್ತ ಕುದಿಯುತ್ತೆ."

"ಮೂವತ್ತು ವರ್ಷದಿಂದ ನಿನ್ನ ಒಲೇಲಿ ನನ್ನ ರೊಟ್ಟಿ ಬೇಯಿಸ್ತಿದೀಯ. ಅವತ್ತೂ ಅದನ್ನೇ ಅಂತಿದ್ದೆ. ನಿನ್ನ ರಕ್ತ ಯಾಕೆ ಕುದೀಲಿಲ್ಲ?"

"ನನಗೇನು ಗೊತ್ತು, ನಾನು ಓದಿದವಳಾ?"

"ಓದದೆ ಇದ್ದದ್ದೇ ಒಳ್ಳೇದಾಯ್ತು ಬಿಡು."

ಸನಿಯಾ ಕಣ್ಣೊರೆಸಿಕೊಂಡು ಹೋದಳು. ತಫೀದಾಗೆ ಅವಳನ್ನು ಕರೆದು ಕೂರಿಸಬೇಕೆನ್ನಿಸಿತು, ಕರೆಯಲಿಲ್ಲ. ಸಿಟ್ಟು ಇನ್ನೂ ಆರಿರಲಿಲ್ಲ. ಆ ರಾತ್ರಿ ಅವಳು ಪೆಟ್ಟಿಗೆ ತೆರೆದು ತಳದಲ್ಲಿದ್ದ ಬಿಳಿ ಬಟ್ಟೆಯ ಗಂಟು ಹೊರತೆಗೆದಳು. ಐದು ವರ್ಷದ ಹಿಂದೆ ಬಳೆ ಮಾರಿ ಜೆರುಸಲೇಮಿಗೆ ಹೋಗಿ ಬಂದಾಗ ತಂದದ್ದು. ಯಾತ್ರೆ ಮಾಡಿ ಬಂದವಳೆಂದು ಊರೆಲ್ಲ ಅವಳನ್ನು ಮುಕದ್ದಿಸಾ ಎಂದು ಕರೆಯುತ್ತಿತ್ತು. ಅಲ್ಲಿಂದ ನಮ್ಮವರು ಎರಡು ತರುತ್ತಾರೆ: ಮಣಿಕಟ್ಟಿನ ಮೇಲೆ ಹಚ್ಚೆ ಹೊಯ್ಸಿದ ಶಿಲುಬೆ, ಮತ್ತು ತಮ್ಮ ಹೆಣಕ್ಕೆ ಹೊದಿಸಲು ಒಂದು ಕಫನ್.

ಮರುದಿನ ಉಮ್ದಾನ ಚಾವಡಿಯಲ್ಲಿ ಮೂವತ್ತು ಗಂಡಸರು ಗೋಡೆಗೊರಗಿ ಕೂತಿದ್ದರು. ಉಮ್ದಾ ಎಂದರೆ ಊರ ಯಜಮಾನ, ಹಾಜ್ ರಿಫಾಯಿ. ಕೆಟ್ಟವನಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ಕೊನೆಗೆ ಹೋಗುವವನು. ಅವನ ಎಡಕ್ಕೆ ಠಾಣೆಯ ಸಾಹೇಬ, ಬಲಕ್ಕೆ ಅಬೂನಾ ಬಖೂಮ್. ಹೆಂಗಸೊಬ್ಬಳು ಕಪ್ಪು ಬಟ್ಟೆಯಲ್ಲಿ ಕಂಕುಳಲ್ಲಿ ಗಂಟು ಹಿಡಿದು ಒಳಗೆ ಬಂದದ್ದೇ ಎಲ್ಲರೂ ತಿರುಗಿ ನೋಡಿದರು.

"ಬನ್ನಿ ಮುಕದ್ದಿಸಾ, ಬನ್ನಿ. ಚಹಾ ತರ್ರೋ!"

"ಬೇಡ. ದೊಡ್ಡ ಉಪವಾಸ ನಡೀತಿದೆ. ಮೂರು ಗಂಟೆವರೆಗೆ ನೀರೂ ಇಲ್ಲ."

"ಸರಿ ಹಾಗಾದ್ರೆ, ಕೆಲಸ ಬೇಗ ಮುಗಿಸೋಣ." ಉಮ್ದಾ ಶಾಯಿ ಪ್ಯಾಡು ಮುಂದಕ್ಕೆ ತಳ್ಳಿದ. ಅವಳು ಮುಟ್ಟಲಿಲ್ಲ. ಅವನು ನಿಟ್ಟುಸಿರುಬಿಟ್ಟ. "ಒಂದು ಮಾತು ಕೇಳ್ತೀನಿ ತಾಯಿ, ಬೇಜಾರು ಮಾಡ್ಕೋಬೇಡಿ. ಎಲ್ಲಿ ನೋಡಿದ್ರೂ ನಿಮ್ಮವರದ್ದೇ ಗಲಾಟೆ ಯಾಕೆ? ಇಲ್ಲಿ, ಪಕ್ಕದೂರಲ್ಲಿ, ಟೀವಿ ಹಾಕಿದ್ರೆ ಇನ್ನೆಲ್ಲೋ. ಎಲ್ಲರೂ ಸುಮ್‌ಸುಮ್ನೆ ನಿಮ್ಮ ಮೇಲೆ ಬೀಳ್ತಾರಾ? ನಿಮ್ಮಲ್ಲೇ ಏನೋ ಇರ್ಬೇಕಲ್ಲ?"

ಮೂಲೆಯಿಂದ ಶಾಲೆಯ ಗುಮಾಸ್ತ ಬಾಯಿ ಹಾಕಿದ: "ಏನಿದೆ? ಸೊಕ್ಕಿದೆ. ಹೊರದೇಶದವರು ಬೆನ್ನಿಗಿದ್ದಾರೆ ಅನ್ನೋ ಸೊಕ್ಕು."

"ಹೊರದೇಶದವರು!" ತಫೀದಾ ಅವನತ್ತ ತಿರುಗಿದಳು. "ನೀವು ಒಡೆದ ಐದು ಕಿಟಕಿಗೆ ರಟ್ಟು ಕಟ್ಟಿದೀನಿ. ಆ ಹೊರದೇಶದವರ ವಿಳಾಸ ಇದ್ರೆ ಕೊಡಪ್ಪ, ಗಾಜು ಹಾಕ್ಸಿ ಅಂತ ಬರೀತೀನಿ."

ಯಾರೋ ಕಿಸಕ್ಕೆಂದರು. ಉಮ್ದಾ ಕಣ್ಣು ಬಿಟ್ಟ ಮೇಲೆ ಸುಮ್ಮನಾದರು.

"ನೀವು ಕೇಳಿದ್ದಕ್ಕೆ ಹೇಳ್ತೀನಿ ಉಮ್ದಾ ಸಾಹೇಬ್ರೇ," ಎಂದಳು. "ಇದೆ. ನಮ್ಮಲ್ಲಿ ಏನೋ ಇದೆ. ಇಲ್ಲ ಅಂತ ಯಾಕೆ ಸುಳ್ಳು ಹೇಳ್ಲಿ? ನಮ್ಮ ದೇವರು ಹೊಡೆಸ್ಕೊಂಡವನು. ಉಗಿಸ್ಕೊಂಡು, ಬೆತ್ತಲಾಗಿ, ಮೊಳೆ ಹೊಡೆಸ್ಕೊಂಡು ಸತ್ತವನನ್ನ ದೇವರು ಅಂತೀವಿ. ಗೆದ್ದವನೇ ದೊಡ್ಡವನು ಅನ್ನೋರಿಗೆ ಈ ಮಾತು ಯಾವತ್ತೂ ಹಿಡಿಸಲ್ಲ. ನಿಮ್ಮೋರಿಗೆ ಮಾತ್ರ ಅಲ್ಲ. ನಮ್ಮಲ್ಲೂ ಎಷ್ಟೋ ದೊಡ್ಡವರಿಗೆ ಹಿಡಿಸಲ್ಲ." ಅಬೂನಾ ಬಖೂಮ್ ಗಡ್ಡ ನೇವರಿಸಿಕೊಂಡು ನೆಲ ನೋಡಿದರು. ಹೆಬ್ಬೆಟ್ಟು ಒತ್ತಿಸಿ ಎಂದು ಮೇಲಿನವರಿಂದ ಅವರಿಗೂ ಫೋನ್ ಬಂದಿತ್ತು.

"ಧರ್ಮದ ಚರ್ಚೆಗೆ ಕರೆದಿಲ್ಲ ನಿಮ್ಮನ್ನ," ಎಂದ ಸಾಹೇಬ, ಗಡಿಯಾರ ನೋಡುತ್ತ. "ಊರ ಪದ್ಧತಿ ಪ್ರಕಾರ ರಾಜಿ ಆಗ್ತಿದೆ. ಒತ್ತಿ, ಹೋಗಿ."

"ಪದ್ಧತಿ ಪ್ರಕಾರ ಅಂದ್ರಲ್ಲ, ಸರಿ." ಅವಳು ಮುಂದೆ ಬಂದು ಗಂಟು ಬಿಚ್ಚಿದಳು. ಬಿಳಿ ಬಟ್ಟೆಯನ್ನು ಉಮ್ದಾನ ಮುಂದಿನ ಮೇಜಿನ ಮೇಲೆ, ಶಾಯಿ ಪ್ಯಾಡಿನ ಪಕ್ಕಕ್ಕೆ ಇಟ್ಟಳು.

ಅದು ಏನೆಂದು ಅಲ್ಲಿ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ನಮ್ಮ ನಾಡಿನಲ್ಲಿ ಕೊಲೆಯ ಹಗೆ ತೀರಬೇಕಾದರೆ ತಪ್ಪು ಮಾಡಿದವನು ತನ್ನ ಕಫನ್ ತಾನೇ ಎರಡೂ ಕೈಯಲ್ಲಿ ಹೊತ್ತು, ಬರಿಗಾಲಲ್ಲಿ, ಊರೆಲ್ಲ ನೋಡುತ್ತಿರುವಂತೆ ನೊಂದವರ ಬಾಗಿಲಿಗೆ ನಡೆಯುತ್ತಾನೆ. ಕೊಲ್ಲುತ್ತೀರೋ ಬಿಡುತ್ತೀರೋ ನಿಮಗೆ ಬಿಟ್ಟದ್ದು ಎಂದು. ಅಲ್ಲಿಗೆ ಹಗೆ ಮುಗಿಯುತ್ತದೆ. ಮುಸಲ್ಮಾನರಾಗಲಿ ನಾವಾಗಲಿ, ಈ ಒಂದು ವಿಷಯದಲ್ಲಿ ಎಲ್ಲರೂ ಒಂದೇ.

"ಇದು ನನ್ನದೇ. ನನಗೆ ಅಂತ ತಂದಿಟ್ಟದ್ದು," ಎಂದಳು ತಫೀದಾ. "ಯಾರಾದ್ರೂ ಹೊತ್ತು ತರ್ತಾರೇನೋ ಅಂತ ಎರಡು ವಾರ ಬಾಗಿಲಲ್ಲಿ ಕೂತು ನೋಡ್ದೆ. ಯಾರೂ ಬರ್ಲಿಲ್ಲ. ಬಹುಶಃ ಬಟ್ಟೆ ಇರ್ಲಿಲ್ವೇನೋ ಅಂತ ನಾನೇ ತಂದೆ. ಕಲ್ಲು ಹೊಡೆದವರ ಪರವಾಗಿ ಯಾರು ಎತ್ತಿಕೊಳ್ತೀರೋ ಎತ್ಕೊಳ್ಳಿ. ನನ್ನ ಮನೆವರೆಗೂ ನಡೀರಿ. ಪೂರ್ತಿ ಆಗ್ಲಿ ಪದ್ಧತಿ."

ಉಮ್ದಾನ ಮುಖ ಕೆಂಪಾಯಿತು.

"ಯಾರೂ ಸತ್ತಿಲ್ಲ, ಮುಕದ್ದಿಸಾ! ಕಫನ್ ಹೊರೋದು ಕೊಲೆ ಆದಾಗ."

"ಯಾರೂ ಸತ್ತಿಲ್ಲ ಅಂದ್ಮೇಲೆ ಬಾಯಿಮಾತಲ್ಲೇ ಮುಗಿಯುತ್ತಲ್ಲ! ನನ್ನ ಪಡಸಾಲೆ ಯಾಕೆ ಬೇಕು ನಿಮಗೆ?"

ಅವಳು ರಾಜಿ ಪತ್ರ ತೆಗೆದು, ಮೊದಲನೇ ಸಾಲಿನ ಕೆಳಗೆ ಉಗುರಿನಿಂದ ಗೀರಿ ಮಡಿಸಿ, ಸರ್ರನೆ ಹರಿದಳು. ಕೆಳಗಿನ ತುಂಡನ್ನು ಮುದ್ದೆ ಮಾಡಿ ಕಿಸೆಗೆ ಹಾಕಿಕೊಂಡಳು. ಮೇಲಿನ ತುಂಡಿನ ಮೇಲೆ ಹೆಬ್ಬೆಟ್ಟು ಒತ್ತಿದಳು, ಶಾಯಿ ಹರಡುವಷ್ಟು ಜೋರಾಗಿ.

"ಕ್ಷಮಿಸಿದೀನಿ. ಸನಿಯಾ ಮಗನನ್ನೂ, ಎಲ್ಲರನ್ನೂ. ಕ್ಷಮಿಸು ಅಂತ ನಮಗೆ ಹೇಳಿಕೊಟ್ಟಿದ್ದಾರೆ, ಅದಕ್ಕೆ ನಿಮ್ಮ ಅಪ್ಪಣೆ ಬೇಕಿಲ್ಲ. ಆದ್ರೆ ಹಾಡೋದು ನಿಲ್ಸಲ್ಲ."

"ಅರ್ಧ ಕಾಗದಕ್ಕೆ ಯಾರನ್ನೂ ಬಿಡಲ್ಲ," ಎಂದ ಸಾಹೇಬ ಎದ್ದು ನಿಂತು. "ನಿಮ್ಮ ಹುಡುಗ ಅಲ್ಲೇ ಇರ್ತಾನೆ. ಆ ಪಡಸಾಲೆಗೆ ಇವತ್ತೇ ಬೀಗ."

ಯಾರೂ ಮುಟ್ಟದ ಕಫನ್ ಮತ್ತೆ ಗಂಟು ಕಟ್ಟಿಕೊಂಡು ಹೊರಬಂದವಳನ್ನು ಅಯ್ಯಾದ್ ಅಂಗಳದಲ್ಲಿ ತಡೆದು ನಿಲ್ಲಿಸಿದ. "ನಿಮ್ಮ ಹಟಕ್ಕೆ ನನ್ನ ಮಗನ್ನ ಬಲಿ ಕೊಟ್ರಿ. ನಿಮ್ಮ ಹೊಟ್ಟೇಲಿ ಹುಟ್ಟಿದ್ರೆ ಗೊತ್ತಾಗ್ತಿತ್ತು." ಮಕ್ಕಳಿಲ್ಲದವಳಿಗೆ ಆಡುವ ಮಾತಲ್ಲ ಅದು. ತಫೀದಾ ಅವನ ಮುಖ ನೋಡಿದಳು. ಅವನು ಹೇಳಿದ್ದರಲ್ಲಿ ಅರ್ಧ ನಿಜ ಎಂದು ಅವಳಿಗೂ ಗೊತ್ತಿತ್ತು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಬೇಕಾದಷ್ಟು ಅತ್ತಳು.

ಸಂಜೆ ಪೊಲೀಸರು ಬಂದು ಪಡಸಾಲೆಗೆ ಕಬ್ಬಿಣದ ಸರಪಳಿ ಸುತ್ತಿ, ಮುಷ್ಟಿ ಗಾತ್ರದ ಬೀಗ ಜಡಿದರು. ಮೇಲಿನ ಕೋಣೆಗೆ ಹೋಗುವ ಮೆಟ್ಟಿಲನ್ನು ಮಾತ್ರ ಬಿಟ್ಟರು. ಅಬೂನಾ ಬಖೂಮ್ ಫೋನ್ ಮಾಡಿ, "ನಾನು ಬರೋ ಹಾಗಿಲ್ಲಮ್ಮ, ಕ್ಷಮಿಸು," ಎಂದರು. ಪಾದ್ರಿ ಇಲ್ಲದೆ ಪೂಜೆ ಇಲ್ಲ. ಆದರೆ ಕೀರ್ತನೆ ಹಾಡಲು ಪಾದ್ರಿ ಯಾಕೆ?

ಶುಕ್ರವಾರ ಬೆಳಗ್ಗೆ ತಫೀದಾ ಒಂದು ಮಣೆ ತಂದು ಓಣಿಯಲ್ಲಿ, ಬೀಗ ಹಾಕಿದ ಬಾಗಿಲ ಮುಂದೆ ಹಾಕಿಕೊಂಡು ಕೂತಳು. ಎದುರು ಮಾಳಿಗೆಗಳ ಮೇಲೆ ಹುಡುಗರು ಸಾಲಾಗಿ ನಿಂತಿದ್ದರು. "ಏ ನೀಲಿ ಮೂಳೆ! ಮುದುಕಿಗೆ ಮನೆ ಇಲ್ವಾ?" ಎಂದು ಒಬ್ಬ ಕೂಗಿದ. ಒಂದು ಕಾಲದಲ್ಲಿ ಭಾರದ ಶಿಲುಬೆ ಹೊರಿಸಿ ನಮ್ಮವರ ಕತ್ತಿನ ಮೂಳೆ ನೀಲಿಗಟ್ಟಿಸಿದ್ದರಂತೆ; ನಮ್ಮವರನ್ನು ಹಾಗೆ ಕರೆಯುವುದು ಅವನ ಅಜ್ಜನ ಕಾಲದಿಂದ ಬಂದದ್ದು. ಅವಳು ಕತ್ತೆತ್ತಿ, "ನಿನ್ನ ಅಜ್ಜ ಇನ್ನೂ ಚೆನ್ನಾಗಿ ಬಯ್ತಿದ್ದ ಕಣೋ," ಎಂದಳು. ಅರ್ಧ ಗಂಟೆ ಅವಳೊಬ್ಬಳೇ ಕೂತಿದ್ದಳು. ಯಾರೂ ಬರುವುದಿಲ್ಲವೇನೋ ಅನ್ನಿಸತೊಡಗಿತ್ತು.

ಓಣಿಯ ತಿರುವಿನಲ್ಲಿ ಅಯ್ಯಾದ್ ಕಾಣಿಸಿದ. ಕಂಕುಳಲ್ಲಿ ಚಾಪೆ. ಹಿಂದೆ ಅವನ ಹೆಂಡತಿ, ಅವಳ ಹಿಂದೆ ಇನ್ನೂ ಹತ್ತಿಪ್ಪತ್ತು ಜನ. ಅವನು ಅವಳ ಮುಖ ನೋಡದೆ ಚಾಪೆ ಬಿಡಿಸಿ ಕೂತ.

"ನಿನ್ನೆ ಠಾಣೆಗೆ ಹೋಗಿದ್ಯಂತೆ. ಹೇಗಿದ್ದಾನೆ?" ಎಂದು ಕೇಳಿದಳು.

"ದೊಡ್ಡಮ್ಮ ಒತ್ತಿದ್ರಾ ಅಂದ. ಅರ್ಧ ಒತ್ತಿದ್ರು, ಅರ್ಧ ಹರಿದ್ರು ಅಂದೆ." ಅಯ್ಯಾದ್ ಚಾಪೆಯ ಅಂಚು ಎಳೆದು ಸರಿಮಾಡಿದ. "ನಕ್ಕ, ನಾಯಿ ಮಗ. ತಲೇಲಿ ಆರು ಹೊಲಿಗೆ ಇಟ್ಕೊಂಡು ಬಿದ್ದು ಬಿದ್ದು ನಕ್ಕ."

ಅಷ್ಟು ಹೇಳಿ, ಊರಲ್ಲೇ ಅತಿ ಕೆಟ್ಟದಾದ ತನ್ನ ಒಡಕು ದನಿಯಲ್ಲಿ ಅವನೇ ಹಾಡು ಎತ್ತಿಕೊಂಡ. ಉಳಿದವರು ಸೇರಿದರು. ಸನಿಯಾ ತನ್ನ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಹೋಗಲೂ ಇಲ್ಲ, ಬಾಗಿಲು ಹಾಕಲೂ ಇಲ್ಲ. ಜನ ಬರುತ್ತಲೇ ಇದ್ದರು. ಬಿಸಿಲು ಏರಿದಂತೆ ಗೋಡೆಯ ನೆರಳು ಕಿರಿದಾಗುತ್ತ ಬಂತು. ಮುದುಕರು, ಮಕ್ಕಳನ್ನೆತ್ತಿಕೊಂಡ ಹೆಂಗಸರು ಒಬ್ಬರಿಗೊಬ್ಬರು ಅಂಟಿಕೊಂಡು ಹಿಂದೆ ಹಿಂದೆ ಸರಿದರು. ಕೊನೆಗೆ ಸಾಲು ಪೂರ್ತಿ ಬಾಗಿಲಿಗೇ ಬೆನ್ನು ಕೊಟ್ಟು ಕೂತಿತು. ಬೀಗ ತಫೀದಾಳ ಬೆನ್ನಿಗೆ ಒತ್ತುತ್ತಿತ್ತು. ಪಕ್ಕದವಳಿಗೆ ಇನ್ನೊಂದಿಷ್ಟು ಜಾಗ ಬಿಟ್ಟು, ಅವಳು ಮುಂದಿನ ಸಾಲು ಹಾಡಿದಳು.