ಹಿಂದಿನ ಜಗುಲಿಯ ಕಿಟಕಿ

ಬೇರಿಕೆ ಹತ್ತಿರದ ನಮ್ಮೂರ ಕಲ್ಲಿನ ಶಾಲೆಗೆ ಈ ವರ್ಷ ನೂರು ತುಂಬಿತು. ಗೋಡೆ, ಚಾವಣಿ, ನೆಲ ಎಲ್ಲಾ ಊರ ಬಂಡೆಯಿಂದ ಸೀಳಿದ ಚಪ್ಪಡಿಯೇ. ಹಿಂದಿನ ಗೋಡೆಯಲ್ಲಿ ಮಾತ್ರ, ನೆಲದಲ್ಲಿ ಕೂತ ಮಗುವಿನ ಎತ್ತರಕ್ಕೆ ಒಂದು ಕಿಟಕಿ. ಅದರಾಚೆ ಬಿಸಿಲು ಬಡಿಯುವ ಜಗುಲಿ. ನಮ್ಮ ಕೇರಿಯ ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ನನ್ನ ತಾತ ರಾಮಾಂಜಿನಪ್ಪ ಆ ಜಗುಲಿಯಲ್ಲಿ ಕೂತು, ಕಿಟಕಿಯಿಂದ ಹೊರಗೆ ಬಂದಷ್ಟು ಪಾಠ ಕಲಿತವನು. ಆ ಚಪ್ಪಡಿಗಳನ್ನು ಸೀಳಿದ್ದು ಅವನಪ್ಪ.

ಈಗ ನಾನು ಅದೇ ಶಾಲೆಯ ಟೀಚರ್. ನೂರರ ಹಬ್ಬಕ್ಕೆ ಮೊದಲು ಊರ ಯಜಮಾನ ರಘುನಾಥ್ ಆ ಕಿಟಕಿಗೆ ಇಟ್ಟಿಗೆ ಇಟ್ಟು ಸಿಮೆಂಟ್ ಬಳಿಸಿದ.

"ಯಾಕೆ ಮುಚ್ಚಿಸಿದ್ರಿ?" ಅಂತ ಕೇಳಿದೆ.

"ಬಂದೋರು ಇದ್ಯಾಕೆ ಅಂತ ಕೇಳ್ತಾರೆ ಟೀಚರಮ್ಮ. ಹಳೇದೆಲ್ಲ ಯಾಕೆ ಕೆದಕ್ಬೇಕು?" ಅಂದ. ನೂರು ವರ್ಷದ ಬಾಗಿಲಿಗೆ ತೋರಣ ಕಟ್ಟಿಸುತ್ತಾ ಅಂದ, ನಾಚಿಕೆಗೆಟ್ಟವನು!

ಹಬ್ಬಕ್ಕೆ ತಾತನನ್ನು ಕರೆದುಕೊಂಡು ಹೋದೆ. "ಈ ಶಾಲೆ ಎಲ್ಲಾ ಜಾತಿ ಮಕ್ಕಳನ್ನೂ ಒಟ್ಟಿಗೆ ಕೂರಿಸಿ ಬೆಳೆಸಿತು" ಎಂದು ರಘುನಾಥ್ ಭಾಷಣ ಬಿಗಿದ. ಜನ ಚಪ್ಪಾಳೆ ತಟ್ಟಿದರು. ತಾತ ಎದ್ದು ಹಿಂದಿನ ಜಗುಲಿಗೆ ಹೋದ. ತನ್ನ ಹಳೇ ಜಾಗದಲ್ಲಿ ಕೂತು ಸಿಮೆಂಟಿಗೆ ಕಿವಿಯಿಟ್ಟ.

"ಆವಾಗ ಪಾಠನಾದ್ರೂ ಕೇಳುಸ್ತಿತ್ತು ಕಣವ್ವ," ಅಂದ.