ಕೂತ ಮಣ್ಣು

ನೆಲ ಓರೆಯಾಗಿದ್ದರೆ ಮೇಸ್ತ್ರಿಗೆ ಊಟ ಸೇರುತ್ತಿರಲಿಲ್ಲ. ಇದೇನು ಮಾತಿಗೆ ಹೇಳಿದ್ದಲ್ಲ. ಯಾರ ಮನೆಗೆ ಹೋದರೂ ಅವನ ಕಣ್ಣು ಮೊದಲು ನೆಲದ ಮೇಲೆ, ಆಮೇಲೆ ಗೋಡೆಯ ಮೂಲೆಗಳ ಮೇಲೆ, ಕೊನೆಗೆ ಪುರಸೊತ್ತಿದ್ದರೆ ಮನೆಯವರ ಮುಖದ ಮೇಲೆ ಹೋಗುತ್ತಿತ್ತು. ಮೂವತ್ತೆರಡು ವರ್ಷದಲ್ಲಿ ಅವನು ಹಾಕಿದ ಒಂದು ನೆಲವೂ ಕುಸಿದಿರಲಿಲ್ಲ. ಅದರ ಬಗ್ಗೆ ಅವನಿಗೆ ಜಂಬವಿತ್ತು. ಇರಲಿ, ಜಂಬಪಡುವ ಕೆಲಸವೇ. ಅವನ ಹೆಂಡತಿ ಮಾತ್ರ, ಊರಿನವರ ಮನೆಯೆಲ್ಲ ಮಟ್ಟವಾಗಿದೆ, ನಮ್ಮ ಬಚ್ಚಲಿನ ನೀರು ಇವತ್ತಿಗೂ ಅಡುಗೆಮನೆ ಕಡೆಗೇ ಹರಿಯುತ್ತದೆ ಎಂದು ಬಂದವರೆದುರು ಹೇಳುತ್ತಿದ್ದಳು.

ಬಚ್ಚಲು ಹಾಳಾಗಲಿ. ಅವನ ಮನಸ್ಸನ್ನು ಚುಚ್ಚುತ್ತಿದ್ದುದು ಎರಡು ಬೀದಿ ಆಚೆ ಇದ್ದ ಅತ್ತಿಗೆಯ ಮನೆ. ಅವನಿಗೆ ಒಂಬತ್ತು ವರ್ಷವಿದ್ದಾಗ, ತಾಯಿಯಿಲ್ಲದ ಮನೆಗೆ ಅಣ್ಣನ ಕೈಹಿಡಿದು ಬಂದವರು ಅವರು. ಅವರಿಗಾಗ ಹತ್ತೊಂಬತ್ತು. ಬಂದ ವಾರವೇ ಮೈದುನನ ತಲೆಯ ಹೇನು ತೆಗೆದರು. ಶಾಲೆ ತಪ್ಪಿಸಿ ಬಂದ ದಿನ ಅಣ್ಣನ ಏಟಿಗೆ ಅಡ್ಡ ನಿಂತರು. ಇವನಿಗೆ ಓದು ಹತ್ತುವುದಿಲ್ಲ, ಕೈಯಲ್ಲಿ ಕೆಲಸವಿದೆ ಎಂದು ಗಾರೆ ಕೆಲಸಕ್ಕೆ ಸೇರಿಸಿದವರೂ ಅವರೇ. ಅಣ್ಣ ತೀರಿಕೊಂಡು ಆರು ವರ್ಷವಾಗಿತ್ತು. ಅತ್ತಿಗೆ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಶಾಲಾ ಮಕ್ಕಳ ಸಮವಸ್ತ್ರ ಹೊಲಿದು, ಯಾರ ಹಂಗೂ ಇಲ್ಲದೆ ಇದ್ದರು.

ಅವರು ಕೇಳಿದ್ದು ಬಹಳವಲ್ಲ. ಹಿಂಬಾಗಿಲ ಮೆಟ್ಟಿಲು ಅಲುಗುತ್ತಿದೆ, ಒಮ್ಮೆ ನೋಡಪ್ಪ ಎಂದಿದ್ದರು. ಮುಂದಿನ ವಾರ ಬರುತ್ತೇನೆ ಎಂದಿದ್ದ ಮೇಸ್ತ್ರಿ. ಆ ಮುಂದಿನ ವಾರ ಎರಡು ವರ್ಷ ಎಳೆಯಿತು. ಕೊನೆಗೊಂದು ದಿನ ಹೋಗಿ ನೋಡಿದರೆ ಮೆಟ್ಟಿಲು ಗಟ್ಟಿಯಾಗಿ ಕೂತಿತ್ತು. ಬೇರೆ ಯಾರೋ ಗಾರೆಯವನನ್ನು ಕರೆಸಿ ಅತ್ತಿಗೆ ಸದ್ದಿಲ್ಲದೆ ಮಾಡಿಸಿಕೊಂಡಿದ್ದರು. ನಿನಗೆ ಸಾವಿರ ಕೆಲಸ ಇರುತ್ತೆ ಎಂದರು. ಅವರು ಬೈದಿದ್ದರೆ ಅವನು ಎರಡು ದಿನದಲ್ಲಿ ಮರೆತುಬಿಡುತ್ತಿದ್ದ.

ಅವರಿಗಿದ್ದ ಹುಚ್ಚು ಒಂದೇ, ಹಿತ್ತಲು. ಆ ಬೀದಿಯ ನೆಲವೆಲ್ಲ ಮರಳು. ಯಾವ ಕಾಲದಲ್ಲೋ ಅಲ್ಲಿ ಹೊಳೆ ಹರಿಯುತ್ತಿತ್ತಂತೆ. ವರ್ಷದಲ್ಲಿ ಏಳು ತಿಂಗಳು ಮಳೆ, ಉಳಿದ ಐದು ತಿಂಗಳು ಬೆವರು. ಸುರಿದ ನೀರು ಕಣ್ಣೆದುರಿಗೇ ಇಂಗಿಹೋಗಿ, ಹಾಕಿದ ಗೊಬ್ಬರದ ಸಾರವನ್ನೂ ಜೊತೆಗೆ ಪಾತಾಳಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಬದನೆ ಹಾಕಿದರೆ ಮೊಣಕಾಲೆತ್ತರ ಬಂದು ಮುನಿಸಿಕೊಂಡು ನಿಲ್ಲುತ್ತಿತ್ತು. ಹಿಂದಿನ ಗೋಡೆಯ ಬಳಿ ಒಂದು ನಿಂಬೆ ಗಿಡ ಮಾತ್ರ ಹೇಗೋ ಬದುಕಿಕೊಂಡಿತ್ತು. ಅದರ ಸುತ್ತ ಅತ್ತಿಗೆ ನಾಲ್ಕು ವರ್ಷದಿಂದ ಒಣಗಿದ ಎಲೆ, ತರಕಾರಿ ಸಿಪ್ಪೆ, ಮೊಟ್ಟೆ ಚಿಪ್ಪು, ಏನೇನೋ ಹರಡಿ, ಸಂಜೆ ಹೊಲಿಗೆ ಮುಗಿಸಿದ ಮೇಲೆ ಸಣ್ಣ ಗುದ್ದಲಿಯಲ್ಲಿ ಮರಳಿಗೆ ಬೆರೆಸುತ್ತಿದ್ದರು. ಹೋದ ಎರಡು ವರ್ಷದಿಂದ ಗಿಡ ಕೈತುಂಬ ಕಾಯಿ ಕೊಡತೊಡಗಿತ್ತು. ಮೇಸ್ತ್ರಿಯ ಕಣ್ಣಿಗೆ ಅದು ಗೋಡೆ ಬದಿಗೆ ತಳ್ಳಿದ ಕಸವಾಗಿ ಕಾಣುತ್ತಿತ್ತು.

ಮಳೆ ಶುರುವಾಗಲು ತಿಂಗಳಿದ್ದಾಗ ಅತ್ತಿಗೆ ತಮ್ಮ ಮಗಳ ಹೆರಿಗೆಗೆಂದು ಅವಳ ಊರಿಗೆ ಹೊರಟರು. ಬೀಗದ ಕೈ ಮೇಸ್ತ್ರಿಯ ಮನೆಯಲ್ಲಿ ಬಿಟ್ಟರು. ಅವರು ಹೋದ ಮೇಲೆ ಹೆಂಡತಿ ಮಾತಿಗೆ ಹೇಳಿದಳು: ಹಿತ್ತಲಿಗೆಲ್ಲ ಒಳ್ಳೆಯ ಮಣ್ಣು ತರಿಸಬೇಕು ಎಂದು ಅತ್ತಿಗೆಗೆ ಬಹಳ ದಿನದ ಆಸೆಯಂತೆ, ತನ್ನನ್ನು ಬಿಟ್ಟು ಬೇರೆ ಯಾರ ಹತ್ತಿರವೂ ಹೇಳಿಕೊಂಡಿಲ್ಲವಂತೆ. ಮೇಸ್ತ್ರಿ ತಟ್ಟೆಯ ಮುಂದಿನಿಂದ ಅರ್ಧಕ್ಕೇ ಎದ್ದ. ಮುಂದಿನ ವಾರವಲ್ಲ, ನಾಳೆಯೇ ಎಂದ. ಹೆಂಡತಿ ಅವನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು.

ಮರುದಿನ ಅವನು ಮಣ್ಣಿನವನ ಬಳಿ ಹೋದ. ಈ ಮಣ್ಣಿನವನಿಗೆ ಟಿಪ್ಪರಿನಲ್ಲಿ ಮೇಲ್ಮಣ್ಣು ಹೊಡೆಯುವುದು ಒಂದು ಕೆಲಸ, ಸಸಿ ಬೆಳೆಸಿ ಮಾರುವುದು ಇನ್ನೊಂದು. ಅವನ ಅಂಗಳದಲ್ಲಿ ಎರಡು ಗುಡ್ಡೆ ಇದ್ದವು. ಒಂದು ಕಪ್ಪಗೆ, ಪುಡಿಪುಡಿಯಾಗಿ, ಹೊಟ್ಟು ಬೆರೆತದ್ದು. ಇನ್ನೊಂದು ಕೆಂಪು, ಜಿಗುಟು. ಮೇಸ್ತ್ರಿ ಎರಡನ್ನೂ ಮುಷ್ಟಿಯಲ್ಲಿ ಹಿಸುಕಿ ನೋಡಿದ. ಕಪ್ಪು ಮಣ್ಣು ಬೆರಳು ಬಿಟ್ಟ ಕೂಡಲೇ ಉದುರಿಹೋಯಿತು; ಕೆಂಪು ಮಣ್ಣು ಇಟ್ಟಿಗೆಯ ಹಾಗೆ ನಿಂತಿತು. ಅವನ ಲೆಕ್ಕದಲ್ಲಿ ಅಲ್ಲಿಗೆ ಮಾತು ಮುಗಿಯಿತು. ಕೆಂಪಿನದೇ ಎರಡು ಲೋಡು ಎಂದ. ಮಣ್ಣಿನವನು ಬೇರೆ ಗಿರಾಕಿಯ ಗಡಿಬಿಡಿಯಲ್ಲಿದ್ದರೂ ಕೂಗಿ ಹೇಳಿದ: "ಕೆಳಗಿನ ಮರಳಿನ ಜೊತೆ ಚೆನ್ನಾಗಿ ಸೇರಿಸಿ ಅಗೀಬೇಕು, ಮೇಸ್ತ್ರಿ. ಆಮೇಲೆ ಮಣ್ಣು ಕೂರಲಿ. ಕೂತ ಮೇಲೇ ಗಿಡ ನೆಡೋದು."

ಇಷ್ಟು ಮಾತಿನಲ್ಲಿ ಮೇಸ್ತ್ರಿಯ ಕಿವಿಗೆ ಬಿದ್ದದ್ದು ಒಂದೇ, ಕೂರಲಿ. ಕೂರಲಿ ಎಂದರೆ ಎರಡು ಮಳೆ ಬಿದ್ದು ತನ್ನಷ್ಟಕ್ಕೆ ತಾನೇ ಇಳಿಯಲಿ ಎಂದು ಮಣ್ಣಿನವನ ಅರ್ಥ. ಗಾರೆಯವರ ಬಾಯಲ್ಲಿ ಅದೇ ಮಾತಿಗೆ ಬೇರೆ ಅರ್ಥವಿದೆ. ಮಣ್ಣು ಕೂರುವುದಿಲ್ಲ, ಅದನ್ನು ಕೂರಿಸಬೇಕು: ನಾಲ್ಕು ಬೆರಳು ಮಣ್ಣು ಹರಡು, ನೀರು ಚಿಮುಕಿಸು, ದಮ್ಮಸ್ಸು ಹೊಡೆದು ಬಿಗಿ ಮಾಡು, ಮತ್ತೆ ನಾಲ್ಕು ಬೆರಳು ಹರಡು. ಹಿಮ್ಮಡಿ ಒತ್ತಿದರೆ ಗುರುತು ಬೀಳಬಾರದು. ಈ ಕೂರಿಸುವುದರಲ್ಲಿ ಅವನನ್ನು ಮೀರಿಸಿದವರು ಯಾರೂ ಇರಲಿಲ್ಲ.

ಇಬ್ಬರು ಆಳುಗಳನ್ನು ಕಟ್ಟಿಕೊಂಡು ಮೂರು ದಿನ ಮೈಮುರಿದು ದುಡಿದ. ಗಾರೆ ಕೆಲಸದ ಇನ್ನೊಂದು ನಿಯಮವೆಂದರೆ, ಮಣ್ಣು ತುಂಬುವ ಮೊದಲು ಕೆಳಗೆ ಕೊಳೆಯುವಂಥದ್ದು ಏನೂ ಇರಬಾರದು. ಇದ್ದರೆ ನಾಳೆ ಅಲ್ಲೇ ನೆಲ ಕುಸಿಯುತ್ತದೆ. ಹಾಗಾಗಿ ನಿಂಬೆಯ ಸುತ್ತ ಇದ್ದ ಕಪ್ಪು ಕಸವನ್ನು ಮೊಳದಾಳ ಕೆರೆಸಿದ. ಕೆರೆಯುವಾಗ ಸಣ್ಣ ಬೇರುಗಳು ಪಟಪಟನೆ ಕಿತ್ತುಬಂದವು, ಕೊಂಬೆಯಿಂದ ಎರಡು ಹಣ್ಣು ಉದುರಿದವು. ಆಳುಗಳಲ್ಲಿ ಒಬ್ಬ, ಇದರಲ್ಲಿ ಎರೆಹುಳ ಬಹಳ ಇದೆಯಲ್ಲ ಎಂದ. ಅದಕ್ಕೇ ತೆಗಿ ಎಂದ ಮೇಸ್ತ್ರಿ. ಮಣ್ಣು ತಂದು ಸುರಿದ ಟಿಪ್ಪರ್ ಹೇಗೂ ಖಾಲಿ ಹೋಗುತ್ತಿತ್ತು, ಕಸವನ್ನೆಲ್ಲ ಅದಕ್ಕೇ ತುಂಬಿ ಕಳಿಸಿದ. ಆಮೇಲೆ ಗಿಡದ ಬುಡಕ್ಕೂ ಒಂದು ಗೇಣು ಮಣ್ಣೇರಿಸಿ, ಕಾಂಡಕ್ಕೆ ಪೆಟ್ಟಾಗದ ಹಾಗೆ ತಾನೇ ಕೈಯಾರೆ ದಮ್ಮಸ್ಸು ಹೊಡೆದ. ಕೊನೆಗೆ ರಸಮಟ್ಟ ಇಟ್ಟು ನೋಡಿದ. ಅದರೊಳಗಿನ ಗಾಳಿಗುಳ್ಳೆ ಎರಡು ಗೆರೆಗಳ ನಡುವೆ ಸರಿಯಾಗಿ ನಿಂತಿತು.

ಅತ್ತಿಗೆ ಬಂದ ದಿನ ಅವನು ಅವರಿಗಿಂತ ಮೊದಲೇ ಹೋಗಿ ಹಿಂಬಾಗಿಲಲ್ಲಿ ನಿಂತಿದ್ದ. ಕಣ್ಣು ಮುಚ್ಚಿಕೊಂಡು ಬನ್ನಿ ಎಂದು ಹಠ ಮಾಡಿದ. ಐವತ್ತು ವರ್ಷದ ಗಂಡಸು. ಅತ್ತಿಗೆ ಸೆರಗಿನಿಂದ ಕಣ್ಣು ಮುಚ್ಚಿಕೊಂಡೇ ಬಂದರು. ತೆರೆದಾಗ ಮೊದಲು ನಕ್ಕರು. ಆಮೇಲೆ ಅವರ ದೃಷ್ಟಿ ಗೋಡೆಯ ಕಡೆ ಹೋಗಿ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಇಲ್ಲಿದ್ದದ್ದು ಎಲ್ಲಿ ಹೋಯಿತು ಎಂದು ಮೆಲ್ಲಗೆ ಕೇಳಿದರು. ಅಷ್ಟೂ ಕಸವನ್ನು ಬಳಿದು ಟಿಪ್ಪರಿನಲ್ಲಿ ಕಳಿಸಿದ್ದನ್ನು ಮೇಸ್ತ್ರಿ ಎದೆಯುಬ್ಬಿಸಿ ಹೇಳಿದ.

"ಒಳ್ಳೇದಾಯ್ತು ಬಿಡು," ಎಂದರು ಅತ್ತಿಗೆ. ಚಪ್ಪಲಿ ಕಳಚಿ ಹಿತ್ತಲಲ್ಲಿ ಒಂದು ಸುತ್ತು ಬಂದು, ಮನೆಯೊಳಗಿನ ನೆಲಕ್ಕಿಂತ ಇದೇ ನುಣ್ಣಗಿದೆ ಎಂದರು. ಮೇಸ್ತ್ರಿ ಆ ದಿನ ಮನೆಗೆ ನಡೆದು ಹೋದನೋ ತೇಲಿ ಹೋದನೋ ಅವನಿಗೇ ಗೊತ್ತಿಲ್ಲ.

ಮಳೆ ಶುರುವಾಯಿತು. ಅಕ್ಕಪಕ್ಕದ ಹಿತ್ತಲುಗಳಲ್ಲಿ ನೀರು ಇಂಗಿ ಹೋದರೆ, ಅತ್ತಿಗೆಯ ಹಿತ್ತಲಲ್ಲಿ ಮಾತ್ರ ತಟ್ಟೆಯಲ್ಲಿಟ್ಟ ಹಾಗೆ ನಿಂತಿತು. ಮೇಸ್ತ್ರಿ ಕೊಡೆ ಹಿಡಿದು ಬಂದು ನೋಡಿ, ಮಣ್ಣು ಎಷ್ಟು ಚೆನ್ನಾಗಿ ಕೂತಿದೆ ನೋಡಿ, ಒಂದು ಹನಿ ಕೆಳಗಿಳಿಯುವುದಿಲ್ಲ ಎಂದು ಮೊದಲು ಬೀಗಿದ. ಆಮೇಲೆ ಪಕ್ಕದಲ್ಲಿ ಒಂದು ಸಣ್ಣ ಕಾಲುವೆ ಕಡಿದುಕೊಟ್ಟ. ಅತ್ತಿಗೆ ಇಟ್ಟ ಟೊಮೇಟೊ ಸಸಿಗಳು ಬುಡದಲ್ಲಿ ಕೊಳೆತು ಒರಗಿದವು. ನಿಂಬೆಯ ಎಲೆ ಹಳದಿಯಾಗಿ ಉದುರತೊಡಗಿತು. ಅವನು ಕೇಳಿದರೆ, ಗಿಡಕ್ಕೂ ವಯಸ್ಸಾಯಿತಲ್ಲ ಎಂದು ಅತ್ತಿಗೆ ಮಾತು ತೇಲಿಸಿದರು. ಒಂದು ದಿನ ನೆಲದಲ್ಲಿ ಅಲ್ಲಲ್ಲಿ ಹೆಬ್ಬೆರಳು ಗಾತ್ರದ ತೂತುಗಳು ಕಂಡವು. ಹೆಗ್ಗಣದ ಕಾಟ ಶುರುವಾಗಿದೆ ಎಂದು ಮರುದಿನವೇ ಬೋನು ತಂದುಕೊಟ್ಟ. ಅತ್ತಿಗೆ ಅದನ್ನೂ ತೆಗೆದು ಒಳಗಿಟ್ಟರು.

ಮಳೆ ಮೂರನೆಯ ತಿಂಗಳಿಗೆ ಬಿದ್ದಾಗ ಅವನು ಬೇರೊಬ್ಬರ ಅಂಗಳಕ್ಕೆ ಮಣ್ಣು ಬೇಕೆಂದು ಮತ್ತೆ ಮಣ್ಣಿನವನ ಬಳಿ ಹೋದ. ಮಣ್ಣಿನವನು ಕೆಲಸದ ಮಾತು ಬಿಟ್ಟು, ಕೈಹಿಡಿದು ಎಳೆದುಕೊಂಡು ಹೋಗಿ ತನ್ನ ಸಸಿಗಳ ಸಾಲು ತೋರಿಸಿದ. ಮೆಣಸಿನ ಗಿಡಗಳು ಎದೆಮಟ್ಟ ಬೆಳೆದು ಕಾಯಿ ಜಗ್ಗುತ್ತಿದ್ದವು. ಅವತ್ತು ನೀವು ಟಿಪ್ಪರಿನಲ್ಲಿ ವಾಪಸು ಕಳಿಸಿದ ಮಣ್ಣಿನಲ್ಲಿ ಬೆಳೆದದ್ದು ಎಂದ. ಅದು ಕಸವಲ್ಲವೇ ಎಂದ ಮೇಸ್ತ್ರಿ. ಮಣ್ಣಿನವನು ಅವನ ಮುಖವನ್ನೇ ನೋಡಿದ. ಇಡೀ ಜೀವಮಾನದಲ್ಲಿ ಅಂಥ ಮಣ್ಣು ನಾನು ಮಾರಿಲ್ಲ, ಮರಳನ್ನು ಹಾಗೆ ಮಾಡಲು ವರ್ಷಗಟ್ಟಲೆ ಬೇಕು ಎಂದ. ಆಮೇಲೆ ಸ್ವಲ್ಪ ತಡವರಿಸಿ ಇನ್ನೂ ಒಂದು ಮಾತು ಹೇಳಿದ.

"ನಿಮ್ಮ ಅತ್ತಿಗೆ ಬಂದಿದ್ರು. ಊರಿಂದ ಬಂದ ಮಾರನೇ ದಿನವೇ. ಒಂದು ಚೀಲದಷ್ಟಾದ್ರೂ ಉಳಿದಿದ್ಯಾ ಅಂತ ಕೇಳಿದ್ರು. ಅಷ್ಟರಲ್ಲಿ ನಾನು ಎಲ್ಲಾ ಬೆರೆಸಿ ಸಸಿ ಇಟ್ಟುಬಿಟ್ಟಿದ್ದೆ. ನಿಮಗೆ ಹೇಳಬೇಡಿ ಅಂದಿದ್ರು."

ಆ ಕೆಂಪು ಮಣ್ಣನ್ನು ಅಗೆದು ಸೇರಿಸಲಿಲ್ಲವೇ, ದಮ್ಮಸ್ಸು ಹೊಡೆದಿರಾ ಎಂದು ಮಣ್ಣಿನವನು ಕೇಳುತ್ತಿರುವಾಗಲೇ ಮೇಸ್ತ್ರಿ ಕೊಡೆ ಎತ್ತಿಕೊಂಡ. ಬಂದ ಕೆಲಸವನ್ನೂ ಮರೆತು ಅಲ್ಲಿಂದ ನೇರ ಅತ್ತಿಗೆಯ ಮನೆಗೆ ನಡೆದ. ದಾರಿಯುದ್ದಕ್ಕೂ ಮೂರು ತಿಂಗಳಲ್ಲಿ ತಾನು ಆಡಿದ ಒಂದೊಂದು ಮಾತೂ ನೆನಪಾಗಿ ಮೈ ಹಿಡಿಯಾಯಿತು. ಬೋನು ನೆನಪಾಗಿ, ಆ ತೂತುಗಳು ಹೆಗ್ಗಣದವಲ್ಲವೆಂದು ಹೊಳೆದಾಗಲಂತೂ ಬೀದಿಯಲ್ಲೇ ನಿಂತುಬಿಟ್ಟ.

ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಹೊಲಿಗೆ ಯಂತ್ರದ ಮುಂದೆ ಯಾರೂ ಇರಲಿಲ್ಲ. ಹಿಂದೆ ಹೋದರೆ, ಅತ್ತಿಗೆ ಸೀರೆ ಎತ್ತಿ ಕಟ್ಟಿ, ತಮ್ಮ ಎದೆಯೆತ್ತರದ ಹಾರೆ ಹಿಡಿದು ನೆಲಕ್ಕೆ ಕುಟ್ಟುತ್ತಿದ್ದರು. ಹತ್ತು ಸಲ ಕುಟ್ಟಿದರೆ ನೀರಿಳಿಯಲು ಒಂದು ತೂತು. ತೂತಿಗೆ ಒಂದು ಹಿಡಿ ಒಣ ಎಲೆ ತುರುಕಿ, ಸೊಂಟ ನೀವಿಕೊಂಡು, ಮುಂದಿನದಕ್ಕೆ ಸರಿಯುತ್ತಿದ್ದರು. ನಿಂಬೆಯಲ್ಲಿ ಒಂದೇ ಒಂದು ಎಲೆ ಉಳಿದಿರಲಿಲ್ಲ. ಅವನನ್ನು ಕಂಡು, ಸಿಕ್ಕಿಬಿದ್ದವರು ನಗುವ ಹಾಗೆ ನಕ್ಕರು.

ಮೇಸ್ತ್ರಿ ಓಡಿಹೋಗಿ ಹಾರೆಗೆ ಕೈ ಹಾಕಿದ. ಇಡೀ ಹಿತ್ತಲನ್ನು ಈಗಲೇ ಅಗೆದು ಬಿಡಿಸುತ್ತೇನೆ, ನಾಳೆ ಆಳು ತರುತ್ತೇನೆ, ಕಪ್ಪು ಮಣ್ಣು ತರುತ್ತೇನೆ ಎಂದು ಒಂದೇ ಉಸಿರಿಗೆ ಬಡಬಡಿಸಿದ. ಅತ್ತಿಗೆ ಬೇಡವೆನ್ನಲಿಲ್ಲ. ಹಸಿಯಲ್ಲಿ ಅಗೆದರೆ ಹೆಂಟೆಗಟ್ಟುತ್ತದೆ, ಮಳೆ ನಿಂತ ಮೇಲೆ ನೋಡೋಣ, ನಿಂಬೆ ಮಾತ್ರ ಇನ್ನು ಚಿಗುರುವುದಿಲ್ಲ ಎಂದರು. ಮತ್ತೆ ಒಂದು ಗಿಡ ಇಟ್ಟು ನಾಲ್ಕು ವರ್ಷ ಕಾಯುವುದು ಈ ಮಂಡಿಗಳ ಕೈಲಾಗುವುದಿಲ್ಲ ಎಂದೂ ಸೇರಿಸಿದರು.

"ಅವತ್ತೇ ಯಾಕೆ ಹೇಳಲಿಲ್ಲ, ಅತ್ತಿಗೆ? ಒಂದು ಮಾತು ಬೈದಿದ್ರೆ ಅವತ್ತೇ ಎಲ್ಲಾ ಅಗೆದು ತೆಗೀತಿದ್ದೆ. ಗಿಡನಾದ್ರೂ ಉಳೀತಿತ್ತು."

ಅತ್ತಿಗೆ ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡರು. ಅವರ ದನಿಯಲ್ಲಿ ಕೋಪವಿರಲಿಲ್ಲ, ದೂರಿರಲಿಲ್ಲ. ಗೊತ್ತಿರುವ ವಿಷಯವನ್ನು ಹೇಳುವ ಹಾಗೆ ಹೇಳಿದರು.

"ಅಷ್ಟು ಖುಷಿಯಾಗಿ ಬಾಗಿಲಲ್ಲಿ ನಿಂತಿದ್ಯಲ್ಲಪ್ಪ. ನೀನಾಗಿ ನೀನೇ ನನಗೆ ಅಂತ ಮಾಡಿದ್ದು ಇದೊಂದೇ ಅಲ್ವಾ. ಚೆನ್ನಾಗಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?"

"ಇದೊಂದೇ ಅಲ್ಲ, ಅತ್ತಿಗೆ," ಎಂದ ಮೇಸ್ತ್ರಿ, ತಡೆಯಲಾರದೆ.

ಅತ್ತಿಗೆ ಅವನ ಕಡೆ ತಿರುಗಿದರು. ತಾವು ಮರೆತದ್ದು ಏನೋ ಇರಬೇಕು, ಅವನು ನೆನಪಿಸುತ್ತಾನೆ ಎಂದು ನಿಜವಾಗಿಯೂ ನಂಬಿದ ಮುಖ. ಮೇಸ್ತ್ರಿ ಬಾಯಿ ತೆರೆದ. ಇವತ್ತಿನಿಂದ ಹಿಂದಕ್ಕೆ, ಅಣ್ಣ ಸತ್ತ ವರ್ಷ, ಅದರ ಹಿಂದೆ ತನ್ನ ಮದುವೆ, ಮೊದಲ ಕೂಲಿ ತಂದ ದಿನ, ಹೇನಿನ ತಲೆಯ ಒಂಬತ್ತು ವರ್ಷದವರೆಗೂ ತಡಕಾಡಿದ. ಮತ್ತೆ ಹನಿ ಬೀಳತೊಡಗಿತು. ಅತ್ತಿಗೆ ಒಳಗೆ ಹೋಗದೆ, ಅವನು ಹೇಳುವುದನ್ನು ಕೇಳಲು ಕಾಯುತ್ತಾ ನಿಂತಿದ್ದರು.