ಅಕ್ಕನಿಗೂ ಸಿಗದ ತಪ್ಪು

ಏಸಿ ಗಾಳಿಗೆ ಆಫೀಸಿನ ಗಾಜಿನ ಬಾಗಿಲಿನ ಮೇಲಿನ ಕಾಗದದ ಒಂದು ಮೂಲೆ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ, ಅಂಟಿಸಿದ ಮಹಾನುಭಾವ ಉಳಿದ ಮೂಲೆಗಳಿಗೆಲ್ಲ ಟೇಪು ಹಚ್ಚಿ ಅದೊಂದನ್ನು ಹಾಗೇ ಬಿಟ್ಟು ಹೋಗಿದ್ದಾನೆ, ಅದೂ ತಪ್ಪೇ, ಆದರೆ ಅಂಥ ತಪ್ಪು ಹುಡುಕಲು ಅವಳಿಗೆ ಯಾರೂ ಸಂಬಳ ಕೊಡುವುದಿಲ್ಲ, ಸಂಬಳವೇನಿದ್ದರೂ ಈ ಕಪ್ಪು ಪರದೆಯೊಳಗಿನ ತಪ್ಪಿಗೆ, ಅದು ಬೆಳಗಿನಿಂದ ಸಿಗುತ್ತಿಲ್ಲ — ಬೆರಳು ತನ್ನ ಪಾಡಿಗೆ ತಾನು ಅದೇ ಆಜ್ಞೆಯನ್ನು ಮತ್ತೆ ಒತ್ತುತ್ತದೆ, ನಾನೀಗ ಎಲ್ಲಿದ್ದೇನೆ ಎಂದು ಕೇಳುವ ಪುಟ್ಟ ಆಜ್ಞೆ, ಪರದೆ ಒಂದೇ ಸಾಲಿನಲ್ಲಿ ಉತ್ತರ ಕೊಡುತ್ತದೆ, ನೀವು ನಕಲು ಎಂಬ ಡೇಟಾಬೇಸಿನಲ್ಲಿದ್ದೀರಿ, ಇಂಥ ಹೆಸರಿನಲ್ಲಿ ಒಳಗೆ ಬಂದಿದ್ದೀರಿ, ಇಂಥ ಯಂತ್ರ, ಇಂಥ ಪೋರ್ಟು. ಸರಿ. ನಕಲಿನಲ್ಲೇ ಇದ್ದಾಳೆ. ಅದರಿಂದ ಹೊರಗೆ ಬಂದು ಅಸಲಿಗೆ ಹೋಗಿ ಕೇಳಿದರೆ ಅಸಲು ಅನ್ನುತ್ತದೆ, ಅದೂ ಸರಿ. ತೇರ್ಗಡೆ, ತೇರ್ಗಡೆ, ತೇರ್ಗಡೆ. ಬೇರೆ ದಿನವಾಗಿದ್ದರೆ ಈ ಹೊತ್ತಿಗೆ ಎದ್ದು ಹೋಗಿ, ಈ ಆಜ್ಞೆಯನ್ನು ಬರೆದ ಹುಡುಗಿಯ ಬೆನ್ನು ತಟ್ಟಿ, ಏನಮ್ಮಾ ನನ್ನ ಹೊಟ್ಟೆ ಮೇಲೆ ಹೊಡೀತಿದೀಯಲ್ಲ, ಒಂದಾದ್ರೂ ತಪ್ಪು ಬಿಡಬಾರ್ದಾ ಅನ್ನುತ್ತಿದ್ದಳು. ಇವತ್ತು ಚಹಾ ಮೇಜಿನ ಮೇಲೆ ಕೆನೆಗಟ್ಟಿ ಕೂತಿದೆ, ಹಸಿವಿಲ್ಲ, ಸಂಕಟವೂ ಇಲ್ಲ, ಹಲ್ಲು ಕೀಳುವ ಮೊದಲು ಒಸಡಿಗೆ ಮದ್ದು ಚುಚ್ಚುತ್ತಾರಲ್ಲ, ಹಾಗೆ ಒಳಗೆ ಎಲ್ಲೋ ಯಾರೋ ಚುಚ್ಚಿಬಿಟ್ಟಿದ್ದಾರೆ.

ಈ ಆಜ್ಞೆ ಒಂದು ಸಲ, ಒಂದೇ ಒಂದು ಸಲ ಸುಳ್ಳು ಹೇಳಿದರೆ ಸಾಕು, ತಮ್ಮ ಉಳಿದುಕೊಳ್ಳುತ್ತಾನೆ. ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಅವನ ಕೆಲಸ, ಅಲ್ಲೂ ಇವಳ ಕಂಪನಿಯದೇ ಸರಕು, ಹೀಗೇ ಎರಡು ಡೇಟಾಬೇಸು, ಅಸಲಿನಲ್ಲಿ ರೋಗಿಗಳ ರಕ್ತಪರೀಕ್ಷೆಯ ವರದಿಗಳು, ನಕಲು ಅದರದೇ ಪ್ರತಿ, ಏನಾದರೂ ಮಾಡಿ ನೋಡಬೇಕಾದರೆ ಇರಲಿ ಎಂದು ಇಟ್ಟುಕೊಂಡದ್ದು, ಅದನ್ನು ಆಗಾಗ ಅಳಿಸಿ ಹೊಸದಾಗಿ ತುಂಬಬೇಕು. ಅಳಿಸುವ ಮುಂಚೆ ಎಲ್ಲಿದ್ದೇನೆ ಎಂದು ಒಂದು ಸಲ ಕೇಳಿ ನೋಡಬೇಕು, ಹಾಗೆ ಕಲಿಸಿದವಳು ಇವಳೇ, ಮರೀ, ಎಷ್ಟೇ ಅವಸರ ಇರ್ಲಿ, ಕೇಳ್ದೆ ಮಾತ್ರ ಅಳಿಸ್ಬೇಡ. ಕೇಳಿದನಂತೆ. ನಕಲು ಎಂದಿತಂತೆ. ಅಳಿಸಿದ, ಅಳಿಸಿಹೋದದ್ದು ಅಸಲು. ಬ್ಯಾಕಪ್ಪಿನಿಂದ ಬಹುಪಾಲು ವಾಪಸು ಬಂತು, ಆ ದಿನದ್ದು ಬರಲಿಲ್ಲ, ಜನ ಮತ್ತೆ ಸಾಲುಗಟ್ಟಿ ನಿಂತು ಎರಡನೇ ಸಲ ಸೂಜಿ ಚುಚ್ಚಿಸಿಕೊಂಡರು, ನರವೇ ಸಿಗದ ಒಬ್ಬ ಮುದುಕಿ ಅವನ ಕೋಣೆಯ ಬಾಗಿಲಿಗೆ ಬಂದು ನೀಲಿಗಟ್ಟಿದ ಕೈ ತೋರಿಸಿ ಹೋದಳಂತೆ, ಬೈದಿದ್ರೆ ಚೆನ್ನಾಗಿತ್ತು ಅಕ್ಕಾ, ಸುಮ್ನೆ ತೋರಿಸಿ ಹೋದ್ರು. ಈಗ ವಿಚಾರಣೆ. ನೋಡದೇನೇ ಅಳಿಸಿದೀಯ, ನೋಡಿದ್ದೆ ಅಂತ ಸುಳ್ಳು ಬೇರೆ, ಎಂದು ಅವನ ಮೇಲಿನವರು ಮುಖಕ್ಕೆ ಹೇಳಿದ್ದಾರೆ, ಅವನ ಹೆಂಡತಿ ಬಾಯಿಬಿಟ್ಟು ಹೇಳಿಲ್ಲ, ಆದರೆ ಅವನು ಆ ಮಾತೆತ್ತಿದರೆ ಅವಳು ಮುಖ ನೋಡುವುದಿಲ್ಲ, ಕೈಯಲ್ಲಿರುವ ಪಾತ್ರೆ ನೋಡುತ್ತಾಳೆ. ಮೊನ್ನೆ ಭಾನುವಾರ ಇವಳ ಮನೆಗೆ ಬಂದವನು ಊಟದ ಮೇಜಿನ ಮುಂದೆ ಕೂತು, ತಟ್ಟೆ ಅತ್ತ ಸರಿಸಿ, ಪ್ಲಾಸ್ಟಿಕ್ ಹಾಸಿನ ಮೇಲೆ ತೋರುಬೆರಳಿಟ್ಟ. ಇಲ್ಲಿ ಡೇಟಾಬೇಸ್ ಹೆಸರು. ಬೆರಳು ಬಲಕ್ಕೆ ಸರಿಯಿತು, ಇಲ್ಲಿ ನನ್ನ ಹೆಸರು. ಇನ್ನೂ ಬಲಕ್ಕೆ, ಇಲ್ಲಿ ಮಿಷಿನ್ನು. ಓದಿದೀನಿ ಅಕ್ಕಾ, ಹಿಂಗೇ ಬೆರಳಿಟ್ಟು ಓದಿದೀನಿ. ಹಾಸಿನ ಮೇಲೆ ಏನೂ ಇರಲಿಲ್ಲ.

ಆಸ್ಪತ್ರೆಯವರು ಕಂಪನಿಯನ್ನು ಕೇಳಿದ್ದಾರೆ, ನಿಮ್ಮ ಆಜ್ಞೆ ತಪ್ಪು ತೋರಿಸುವುದುಂಟೋ ಇಲ್ಲವೋ, ಇವತ್ತು ಸಂಜೆಯೊಳಗೆ ಹೇಳಿ. ಕಂಪನಿಯೆಂದರೆ ಗಡುವಪ್ಪ, ತಂಡದ ಮುಖ್ಯಸ್ಥ, ಯಾವ ಮಾತು ಶುರುಮಾಡಿದರೂ ಗಡುವಿಗೇ ತಂದು ನಿಲ್ಲಿಸುವವನು, ಅಪ್ಪ ಅಮ್ಮ ಇಟ್ಟ ಹೆಸರು ಅವನ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಅವನಿಗೆ ಮೊದಲೇ ಹೇಳಿದ್ದಳು, ಸರ್, ಅಲ್ಲಿರೋನು ನನ್ನ ತಮ್ಮ, ಇದನ್ನ ಬೇರೆಯವರಿಗೆ ಕೊಡಿ. ಗಡುವಪ್ಪ ಕನ್ನಡಕ ಒರೆಸುತ್ತ, ಗೊತ್ತಮ್ಮಾ, ಗೊತ್ತಿದ್ದೇ ನಿಂಗೆ ಕೊಟ್ಟಿರೋದು, ಬೇರೆಯವರು ಅರ್ಧ ದಿನ ಹುಡುಕಿ ಕೈಬಿಡ್ತಾರೆ, ನೀನು ಬಿಡಲ್ಲ, ಆಸ್ಪತ್ರೆಯವರಿಗೂ ಅದನ್ನೇ ಹೇಳಿದೀನಿ, ಅವ್ರೂ ಒಪ್ಪಿದಾರೆ — ಅಕ್ಕನಿಗೇ ಸಿಗ್ಲಿಲ್ಲ ಅಂದ್ರೆ ಅದು ಇಲ್ಲ ಅಂತಲೇ ಅರ್ಥ. ಎಷ್ಟು ಒಳ್ಳೆಯವನಂತೆ ಹೇಳಿದ, ಒಳ್ಳೆಯವನೇ ಇರಬೇಕು, ಆ ಮಾತು ಕೇಳಿದಾಗ ಕೋಪ ಬರಬೇಕಿತ್ತು, ಬರಲಿಲ್ಲ, ಆಗಲಿ ಸರ್ ಎಂದು ಬಂದು ಕೂತಳು. ಹೆಸರು ಉದ್ದ ಮಾಡಿ ನೋಡಿದಳು, ಗಿಡ್ಡ ಮಾಡಿ ನೋಡಿದಳು, ಅಸಲು ನಕಲು ಎರಡಕ್ಕೂ ಒಂದೇ ಯಂತ್ರ ಕೊಟ್ಟು ನೋಡಿದಳು, ಯಂತ್ರವನ್ನು ನಡುವೆ ಆರಿಸಿ ಹಚ್ಚಿದಳು, ಇಲ್ಲಿಂದ ಅಲ್ಲಿಗೆ ಅಲ್ಲಿಂದ ಇಲ್ಲಿಗೆ ಹಾರಿದಳು, ಹಾರುವಾಗ ಬೇಕೆಂದೇ ತಪ್ಪು ಪಾಸ್‌ವರ್ಡು ಕೊಟ್ಟು ಮುಗ್ಗರಿಸಿದಳು, ಅದು ಮಾತ್ರ ಜಪ್ಪಯ್ಯ ಅನ್ನಲಿಲ್ಲ, ಎಲ್ಲಿದ್ದಾಳೋ ಅದನ್ನೇ ಹೇಳಿತು, ಇಷ್ಟು ನಿಯತ್ತಿನ ಸರಕು ಅವಳ ಕೈಗೆ ಇದುವರೆಗೆ ಬಂದದ್ದಿಲ್ಲ, ಬರಬಾರದ ದಿನ ಬಂದಿದೆ.

ಆಮೇಲೆ ಕೇಬಲ್ಲು ಕಿತ್ತಳು. ಮೇಜಿನ ಕೆಳಗೆ ಬಗ್ಗಿ, ಧೂಳಿನಲ್ಲಿ ಮೊಣಕಾಲೂರಿ, ನೀಲಿ ಕೇಬಲ್ಲಿನ ಮೂತಿ ಹಿಂಡಿ ಎಳೆದು, ಮೇಲೆ ಬಂದು ಕೇಳಿದರೆ, ನೀವು ನಕಲು ಎಂಬ ಡೇಟಾಬೇಸಿನಲ್ಲಿದ್ದೀರಿ. ಎಲ್ಲಿದ್ದಾಳೆ, ಕೇಬಲ್ಲು ಕೈಯಲ್ಲಿದೆ. ಆಹಾ ಅನ್ನಬೇಕಿತ್ತು, ಅನ್ನಲಿಲ್ಲ, ಬರೆದ ಹುಡುಗಿಯನ್ನು ಕರೆದು ತೋರಿಸಿದಳು, ಅವಳು ಚೂಯಿಂಗ್ ಗಮ್ ಒಂದು ದವಡೆಯಿಂದ ಇನ್ನೊಂದಕ್ಕೆ ಬದಲಿಸಿ, ಅದು ತಪ್ಪಲ್ಲ ಮೇಡಂ, ಕೊನೇ ಸಲ ಎಲ್ಲಿಗೆ ಸೇರ್ಕೊಂಡ್ರಿ ಅನ್ನೋದನ್ನ ನೆನಪಲ್ಲಿ ಇಟ್ಕೊಂಡು ಹೇಳುತ್ತೆ, ಮುಂದಿನ ಕೆಲಸ ಕೊಟ್ರೆ ಕಡಿದುಹೋಗಿದೆ ಅಂತ ತಾನೇ ಹೇಳುತ್ತೆ, ನೋಡಿ. ಕೊಟ್ಟು ನೋಡಿದಳು, ಕಡಿದುಹೋಗಿದೆ ಎಂದಿತು. ಕಡಿದುಹೋದ ಕಡೆ ಏನನ್ನೂ ಅಳಿಸಲಾಗುವುದಿಲ್ಲ, ತಮ್ಮನ ಕಡೆ ಅಳಿಸಿಹೋಗಿದೆ, ಅಂದಮೇಲೆ ಅವನಿಗಾದದ್ದು ಇದಲ್ಲ. ಗೊತ್ತಿದೆ. ಗೊತ್ತಿದ್ದೂ ಕೈ ವರದಿಯಲ್ಲಿ ಬರೆಯಿತು, ಕೆಲವು ಸಂದರ್ಭಗಳಲ್ಲಿ ಈ ಆಜ್ಞೆಯು ವಾಸ್ತವ ಸ್ಥಿತಿಯನ್ನು ತೋರಿಸುವುದಿಲ್ಲ. ನಿಜವಾದ ಮಾತು, ಯಾವ ಕೋರ್ಟಿನಲ್ಲಿ ಬೇಕಾದರೂ ನಿಲ್ಲುವಂಥದ್ದು. ಆಸ್ಪತ್ರೆಯವರಿಗೆ ಕೇಬಲ್ಲು ಗೀಬಲ್ಲು ತಿಳಿಯದು, ಈ ಒಂದು ಸಾಲು ಓದುತ್ತಾರೆ, ಪಾಪ ಹುಡುಗನದ್ದೇನೂ ತಪ್ಪಿಲ್ಲ ಅನ್ನುತ್ತಾರೆ, ಬರುವ ಭಾನುವಾರ ಅವನು ತಟ್ಟೆ ಸರಿಸದೆ ಊಟ ಮಾಡುತ್ತಾನೆ. ತಪ್ಪು ಈ ಹುಡುಗಿಯ ತಲೆಗೆ ಬರುತ್ತದೆ, ಬರಲಿ, ವಯಸ್ಸಿದೆ, ಬೇರೆ ಕಡೆ ಕೆಲಸ ಸಿಗುತ್ತದೆ — ಎಷ್ಟು ಬೇಗ ಲೆಕ್ಕ ಹಾಕಿಬಿಟ್ಟಳು, ನಾಚಿಕೆಯಾಗಬೇಕಿತ್ತು, ಸ್ವಲ್ಪ ತಡವಾಗಿ ಆಯಿತು, ಅದೂ ದೂರದಲ್ಲೆಲ್ಲೋ ಆದ ಹಾಗೆ. ಕಣ್ಣ ಮುಂದೆ ಖಾಲಿ ಹಾಸಿನ ಮೇಲೆ ತಮ್ಮನ ಬೆರಳು ಎಡದಿಂದ ಬಲಕ್ಕೆ ಸರಿಯಿತು. ಸಾಲನ್ನು ಅಳಿಸದೆ ಹಾಗೇ ಬಿಟ್ಟಳು.

ಮತ್ತೆ ಶುರು, ಸುಮ್ಮನೆ ಕೂರಲಾಗದ್ದಕ್ಕೆ ಮತ್ತೆ ಶುರು, ಕೇಬಲ್ಲು ಸಿಕ್ಕಿಸಿ, ಎಡಗಡೆ ಒಂದು ವಿಂಡೋ ತೆರೆದು ಅಸಲಿಗೆ ಹೋದಳು, ಬಲಗಡೆ ಇನ್ನೊಂದು ತೆರೆದು ನಕಲಿಗೆ, ಅಸಲೆಂದರೂ ಇಲ್ಲಿನದು ಪರೀಕ್ಷೆಗೆಂದೇ ಮಾಡಿಕೊಂಡ ಸುಳ್ಳು ಅಸಲು, ಅದರಲ್ಲಿ ಯಾರ ರಕ್ತವೂ ಇಲ್ಲ. ಎರಡೂ ಒಂದೇ ಕಪ್ಪು, ಒಂದೇ ಬಿಳಿ ಅಕ್ಷರ, ಒಂದೇ ಮಿಣುಕು. ನಕಲನ್ನು ಅಳಿಸಿ ಹೊಸದಾಗಿ ತುಂಬೋಣ ಎಂದು ಬಲಗಡೆ ಕೇಳಿದಳು, ನಕಲು ಎಂದಿತು, ಓದಿದಳು, ಅಷ್ಟರಲ್ಲಿ ಗಡುವಪ್ಪ ಬೆನ್ನ ಹಿಂದೆ ಬಂದು, ಆಯ್ತಾ, ಅವ್ರು ಕಾಯ್ತಿದಾರೆ. ಆಗ್ತಿದೆ ಸರ್, ವರದಿ ಬರೀತಿದೀನಿ, ಎಂದು ತಲೆ ಹೊರಳಿಸಿ ಹೇಳಿ, ತಲೆ ವಾಪಸು ತಂದು, ಅಳಿಸುವ ಆಜ್ಞೆ ಕೊಟ್ಟಳು. ಅಳಿಸಲಾಗಿದೆ. ಅಳಿಸಲಾಗಿದೆ ಎಂಬುದು ಎಡಗಡೆ ಬಂತು. ನೋಡುತ್ತ ಕೂತಳು. ಬಲಗಡೆ ನೀವು ನಕಲಿನಲ್ಲಿದ್ದೀರಿ ಎಂಬುದು ಇನ್ನೂ ಇತ್ತು, ಅದು ನಿಜ, ಅವಳು ಅದನ್ನು ಓದಿದ್ದೂ ನಿಜ, ಕೈ ಮಾತ್ರ ಪಕ್ಕದ ಮನೆಗೆ ಹೋಗಿ ಕೆಲಸ ಮುಗಿಸಿ ಬಂದಿತ್ತು. ಇಷ್ಟೇ. ಇಷ್ಟೇನಾ. ಎಷ್ಟೋ ವರ್ಷದಿಂದ ತಪ್ಪು ಹುಡುಕಿಯೇ ಅನ್ನ ತಿನ್ನುವವಳು, ಕಲಿಸಿದವಳು, ಅವಳಿಗೇ ಹೀಗಾಯಿತೆಂದರೆ — ಕೆನೆಗಟ್ಟಿದ ಚಹಾವನ್ನು ಎತ್ತಿ ಕುಡಿದಳು, ತಣ್ಣಗಿತ್ತು, ಕುಡಿದು ಮುಗಿಸಿದಳು.

ಮೆಟ್ಟಿಲ ಬಳಿ ನಿಂತು ಫೋನು ಮಾಡಿದರೆ ಮೊದಲ ರಿಂಗಿಗೇ ಎತ್ತಿದ, ಕೈಯಲ್ಲೇ ಹಿಡಿದು ಕೂತಿದ್ದನೇನೋ. ಅಕ್ಕಾ, ಸಿಕ್ತಾ. ಮರೀ, ಒಂದ್ ಮಾತು ಹೇಳು, ಅವತ್ತು ಎಷ್ಟು ವಿಂಡೋ ತೆಗ್ದಿದ್ದೆ. ಒಂದೇ. ನೆನಪು ಮಾಡ್ಕೋ. ಒಂದೇ ಅಕ್ಕಾ, ಅಳಿಸೋಕೆ ಒಂದು, ಇನ್ನೊಂದು ಅದಕ್ಕಲ್ಲ, ಬೆಳಿಗ್ಗೆ ಡಾಕ್ಟರು ಯಾರದ್ದೋ ವರದಿ ಹುಡುಕ್ಕೊಡು ಅಂದಿದ್ರು, ಅದಕ್ಕೆ ಅಸಲು ತೆಗ್ದಿದ್ದೆ, ಅದು ಹಾಗೇ ಪಕ್ಕದಲ್ಲಿ — ಅವನ ಹಿಂದೆ ನಲ್ಲಿಯಲ್ಲಿ ನೀರು ಬೀಳುತ್ತಿತ್ತು, ಕೆಳಗಿನ ಅಂತಸ್ತಿನಲ್ಲಿ ಯಾರೋ ಲಿಫ್ಟಿನ ಗುಂಡಿ ಒತ್ತಿ ಒತ್ತಿ ಬೇಜಾರು ಮಾಡಿಕೊಂಡು ಮೆಟ್ಟಿಲು ಹತ್ತಿ ಬಂದು ಅವಳನ್ನು ದಾಟಿಕೊಂಡು ಹೋದರು. ಓದಿದ ಮೇಲೆ ಯಾರಾದ್ರೂ ಕರೆದ್ರಾ, ಎಂದಳು. ಕರೆದ್ರು ಅನ್ಸುತ್ತೆ, ಬಾಗಿಲಲ್ಲಿ ನರ್ಸಮ್ಮ ಬಂದಿದ್ರು, ಪ್ರಿಂಟರ್ ಕೆಟ್ಟಿದೆ ಅಂತ. ಅಷ್ಟೇ ಕಣೋ, ನೀನು ಓದಿದ್ದು ಒಂದರಲ್ಲಿ, ಅಳಿಸಿದ್ದು ಇನ್ನೊಂದರಲ್ಲಿ, ಈಗ ತಾನೇ ನಂಗೂ ಆಯ್ತು. ನಿಂಗೂನಾ. ನಂಗೂ. ಹಾಗಾದ್ರೆ ನಾನು ಓದಿದ್ದು ನಿಜ. ನಿಜ. ನಕಲು ಅಂತಲೇ ಇತ್ತು. ನಕಲು ಅಂತಲೇ ಇತ್ತು ಮರೀ, ನೀನು ಸುಳ್ಳು ಹೇಳಿಲ್ಲ. ನಲ್ಲಿ ನಿಂತಿತು, ಫೋನನ್ನು ಎದೆಗೊತ್ತಿಕೊಂಡನೋ ಏನೋ, ಹೆಂಡತಿಗೆ ಹೇಳುತ್ತಿದ್ದ ಮಾತು ಮಸುಕಾಗಿ ಕೇಳಿತು, ಏಯ್, ಕೇಳಿಸ್ತಾ, ಅಕ್ಕ ಕಂಡುಹಿಡಿದ್ಲು, ನಾನು ಓದಿದ್ದೆ ಅಂತೆ, ನಾನು ಹೇಳಿದ್ದೆಲ್ಲಾ ನಿಜ ಅಂತೆ, ನಾನಾಗ್ಲೇ ಹೇಳ್ಲಿಲ್ವಾ ನಿಂಗೆ — ಎಷ್ಟೋ ದಿನವಾಗಿತ್ತು ಆ ದನಿ ಕೇಳಿ, ಚಿಕ್ಕವನಿದ್ದಾಗ ಸೈಕಲ್ಲಿನ ಹಿಂದಿನಿಂದ ಅವಳು ಕೈಬಿಟ್ಟದ್ದು ಗೊತ್ತಾಗದೆ ಬೀದಿ ತುದಿಯವರೆಗೆ ಹೋಗಿ ಅಲ್ಲಿಂದ ಕೂಗಿದ್ದ ದನಿ. ಅವನಿಗೆ ಇನ್ನೂ ಹೊಳೆದಿಲ್ಲ. ಆಜ್ಞೆಯೂ ಸುಳ್ಳು ಹೇಳಿಲ್ಲ, ಅವನೂ ಹೇಳಿಲ್ಲ, ಹಾಗಿದ್ದಮೇಲೆ ಉಳಿಯುವುದು ಅವನ ಕೈಯೊಂದೇ, ಅದು ಸಂಜೆಯೊಳಗೆ ಹೊಳೆಯುತ್ತದೆ. ಸಂಜೆ ಮನೆಗೆ ಬಾ ಅಕ್ಕಾ, ಇಲ್ಲೇ ಊಟ ಮಾಡುವಿಯಂತೆ, ಅಂದ. ನೋಡ್ತೀನಿ, ಅಂದಳು.

ಬಂದು ಕೂತಳು. ವರದಿಯಲ್ಲಿ ಆ ಸಾಲು ಹಾಗೇ ಇತ್ತು, ಕೆಲವು ಸಂದರ್ಭಗಳಲ್ಲಿ ಈ ಆಜ್ಞೆಯು, ಅದನ್ನು ಅಳಿಸದೆ ಬಿಟ್ಟರೆ ತಮ್ಮ ಉಳಿಯುತ್ತಾನೆ, ಇನ್ನೂ ಉಳಿಯುತ್ತಾನೆ, ಬಿಟ್ಟುಬಿಡೇ, ಯಾರಿಗೆ ಗೊತ್ತಾಗುತ್ತೆ, ಗಡುವಪ್ಪ ಓದುವುದು ಕೊನೆಯ ಸಾಲು ಮಾತ್ರ — ಆದರೆ ಅದನ್ನು ಬಿಟ್ಟರೆ ಆಸ್ಪತ್ರೆಯಲ್ಲಿ ಎರಡು ವಿಂಡೋ ಒಂದೇ ಕಪ್ಪಿನಲ್ಲಿ ಹಾಗೇ ಉಳಿಯುತ್ತವೆ, ಯಾರಾದರೂ ಬಾಗಿಲಲ್ಲಿ ನಿಂತು ಕರೆಯುತ್ತಾರೆ, ಇನ್ನೊಬ್ಬರು ಕೈ ತೋರಿಸಲು ಬರುತ್ತಾರೆ. ಅಳಿಸಿದಳು. ಅಳಿಸುವ ಮುಂಚೆ ಯಾವ ವಿಂಡೋದಲ್ಲಿದ್ದೇನೆ ಎಂದು ನೋಡಿಕೊಂಡಳು, ನಗು ಬರಬೇಕಿತ್ತು. ಆಜ್ಞೆಯಲ್ಲಿ ದೋಷವಿಲ್ಲ ಎಂದು ಬರೆದಳು, ಪಕ್ಕಪಕ್ಕದಲ್ಲಿ ತೆರೆದ ವಿಂಡೋಗಳು ಒಂದೇ ರೀತಿ ಕಾಣುವುದರಿಂದ ಬಳಸುವವರು ಒಂದರಲ್ಲಿ ಓದಿ ಇನ್ನೊಂದರಲ್ಲಿ ಕೆಲಸ ಮಾಡುವ ಸಾಧ್ಯತೆಯಿದೆ, ಪರೀಕ್ಷಕಳಿಗೂ ಹಾಗಾಗಿದೆ, ಬಣ್ಣ ಬೇರೆಮಾಡತಕ್ಕದ್ದು. ಅದರ ಕೆಳಗೆ ತೇರ್ಗಡೆ. ಕಳಿಸುವ ಗುಂಡಿ ಒತ್ತಿದಳು, ಹೋಯಿತು. ಗಡುವಪ್ಪ ತನ್ನ ಜಾಗದಲ್ಲೇ ಕೂತು ಓದಿ, ಇತ್ತ ನೋಡದೆ, ಒಂದು ಕೈ ಎತ್ತಿ ಇಳಿಸಿದ. ಹುಡುಗಿ ಗಮ್ ಉಗಿದು ಕಾಗದದಲ್ಲಿ ಸುತ್ತಿಟ್ಟು ಥ್ಯಾಂಕ್ಸ್ ಮೇಡಂ ಎಂದಳು. ಈಗ ಅಳು ಬರಬಹುದು ಎಂದು ಕಾದಳು, ಬಂದರೆ ಶೌಚಾಲಯಕ್ಕೆ ಹೋಗಬೇಕಾಗುತ್ತದೆ, ಬರಲಿಲ್ಲ, ಮುಂದಿನ ಆಜ್ಞೆಯ ಪರೀಕ್ಷೆ ಶುರುಮಾಡಬೇಕು, ಯಾವುದದು, ಸಂಜೆ ಊಟಕ್ಕೆ ಕರೆದಿದ್ದಾನೆ, ಅಷ್ಟರೊಳಗೆ ಅವನಿಗೆ ಆಸ್ಪತ್ರೆಯಿಂದ ಫೋನು ಬಂದಿರುತ್ತದೆ, ಹೋದರೆ ಹೆಂಡತಿ ಬಡಿಸುತ್ತಾಳೆ, ಅವನು ತಟ್ಟೆ ಸರಿಸುತ್ತಾನೆ, ಸರಿಸಿ — ಬೆರಳು. ಖಾಲಿ ಹಾಸಿನ ಮೇಲೆ, ಎಡದಿಂದ ಬಲಕ್ಕೆ. ಇಲ್ಲಿ ಡೇಟಾಬೇಸ್ ಹೆಸರು. ಬೆರಳು ಸರಿಯುತ್ತದೆ, ನಿಲ್ಲುತ್ತದೆ, ಅಲ್ಲಿಂದ ಮುಂದಕ್ಕೆ ಹೋಗುವುದಿಲ್ಲ. ಇಲ್ಲಿ ನನ್ನ ಹೆಸರು. ಇಲ್ಲಿ ನನ್ನ ಹೆಸರು ಅಕ್ಕಾ.